ಆ್ಯಪ್ ‘ಚೆನ್ನಾಗಿದೆ’ ಅಂದ ಪೋಷಕರು ಆಮೇಲೆ ಯಾಕೆ ಬಳಸಲಿಲ್ಲ?

ಪೋಷಕರು ಸರದಿ ಪ್ರಕಾರ ಒಬ್ಬರ ಕಾರಿನಲ್ಲೇ ಹಲವರ ಮಕ್ಕಳನ್ನು ಕರ್ಕೊಂಡು ಹೋಗೋಕೆ ನೀವು ಮಾಡಿದ ಕಾರ್‌ಪೂಲ್ ಆ್ಯಪ್ ನೋಡಿ ಪೋಷಕರೆಲ್ಲ ‘ಚೆನ್ನಾಗಿದೆ’ ಅಂದರು, ವಾರದೊಳಗೆ ವಾಟ್ಸಾಪ್ ಗುಂಪಿಗೇ ವಾಪಸ್ ಹೋದರು ಅಂತ ಬರೆದಿದ್ದೀರಿ. ಬಹುಶಃ ನೀವು ಅಭಿಪ್ರಾಯ ಕೇಳಿದ್ದೀರಿ, ಆ್ಯಪ್‌ನಲ್ಲಿ ಮಾಡಿ ನೋಡೋಕೆ ಒಂದು ಕೆಲಸ ಕೊಟ್ಟಿಲ್ಲ. ಮಾಡಿದವರ ಎದುರಿಗೇ ಕೂತು ‘ಚೆನ್ನಾಗಿಲ್ಲ’ ಅನ್ನೋಕೆ ಯಾರಿಗೂ ಮನಸ್ಸಾಗುವುದಿಲ್ಲ, ಅಲ್ವಾ?

ಮುಂದಿನ ಸಲ ಹೀಗೆ ಮಾಡಿ. ‘ಈಗ ಬೆಳಿಗ್ಗೆ 7:20. ಇವತ್ತು ಕಾರು ಓಡಿಸುವ ಸರದಿ ನಿಮ್ಮದು, ಆದರೆ ಮಗುವಿಗೆ ಜ್ವರ. ಏನು ಮಾಡ್ತೀರಿ?’ ಅಂತ ಕೇಳಿ ಫೋನ್ ಕೈಗೆ ಕೊಡಿ. ಆಮೇಲೆ ಸುಮ್ನೆ ನೋಡುತ್ತಿರಿ, ಹೇಳಿಕೊಡಬೇಡಿ. ವೇಳಾಪಟ್ಟಿ ಹಾಕುವುದು ಸುಲಭ, ಕಷ್ಟ ಇರುವುದು ಕೊನೆ ಗಳಿಗೆಯ ಬದಲಾವಣೆಯಲ್ಲಿ. ಮೆಸೇಜ್ ಹೋಗಿದೆ ಅನ್ನುವುದು ಬೇರೆ, ಇನ್ನೊಬ್ಬರು ‘ನಾನು ಕರ್ಕೊಂಡು ಹೋಗ್ತೀನಿ’ ಅಂತ ಒಪ್ಪಿದ್ದಾರೆ ಅನ್ನುವುದು ಬೇರೆ. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಂಡರೆ ಪೋಷಕರು ಫೋನ್ ಮಾಡಿಯೇ ಕೇಳುತ್ತಾರೆ.

ಜಾಸ್ತಿ ಜನ ಬೇಕಿಲ್ಲ. ಒಂದು ಸುತ್ತಿನ ಪರೀಕ್ಷೆಗೆ 5 ಜನ ಸಾಕು, ತಿದ್ದಿ ಮತ್ತೆ ಪರೀಕ್ಷಿಸಿ ಅಂತ ವೆಬ್‌ಸೈಟ್, ಸಾಫ್ಟ್‌ವೇರ್ ಬಳಸೋಕೆ ಸುಲಭವಾ ಅಂತ ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದರು. ಆದರೆ ಕಾರು ಓಡಿಸುವವರನ್ನೂ ಮಗುವನ್ನು ಕಳಿಸುವವರನ್ನೂ ಬೇರೆ ಬೇರೆಯಾಗಿ ಕೂರಿಸಿ. ಕಳಿಸುವವರಿಗೆ ಮಗು ತಲುಪಿತಾ ಅನ್ನುವುದೇ ಚಿಂತೆ. ಓಡಿಸುವವರಿಗೆ ಇವತ್ತು ಯಾರನ್ನು, ಯಾವ ಕ್ರಮದಲ್ಲಿ ಹತ್ತಿಸಿಕೊಳ್ಳಬೇಕು ಅನ್ನುವುದು ಒಂದೇ ನೋಟಕ್ಕೆ ಕಾಣಬೇಕು.