ಪಾಪಸುಕಳ್ಳಿ ಮೇಲಿನ ಬಿಳಿ ಅಂಟು ಬೂಷ್ಟಲ್ಲ

ಪಾಪಸುಕಳ್ಳಿಗೆ ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದೆ, ಒರೆಸಿದರೆ ಬೆರಳಿಗೆ ಕಡುಗೆಂಪು ಹತ್ತುತ್ತೆ ಅಂದಿರಲ್ಲ, ಅದು ಬೂಷ್ಟಲ್ಲ, ಕಳ್ಳಿಯ ರಸ ಹೀರೋ ಕಾಚಿನೀಲ್ ಅನ್ನೋ ಹುಳು. ಬೂಷ್ಟಿನ ಔಷಧಿಗೆ ದುಡ್ಡು ಸುರಿಯಬೇಡಿ.

ಮೊದಲು ಕುಂಡವನ್ನು ಬೇರೆ ಕಳ್ಳಿಗಳಿಂದ ದೂರ ಇಡಿ. ಹಳೇ ಟೂತ್‌ಬ್ರಷ್ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ತಿಕ್ಕಿ. ಆ ಬಿಳಿ ಹೊದಿಕೆ ಮೇಣದ್ದು, ತಿಕ್ಕದೆ ಬರೀ ಸಿಂಪಡಿಸಿದರೆ ಏನೂ ಒಳಗೆ ಇಳಿಯಲ್ಲ. ಪೈಪಿನಿಂದ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಜೊತೆಗೆ ಚೂರು ಸೋಪು ಕಲಸಿ ವಾರಕ್ಕೊಮ್ಮೆ ಸಂಜೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಗಿಡ ಸುಟ್ಟೀತು. ತೀರಾ ಸೊರಗಿದ ಎಸಳು ಕತ್ತರಿಸಿ, ಕವರಿಗೆ ಕಟ್ಟಿ ಬಿಸಾಡಿ.

ದೊಡ್ಡ ಮುಳ್ಳಿಗಿಂತ ಅದರ ಬುಡದ ಕೂದಲೆಳೆ ಮುಳ್ಳೇ ಹೆಚ್ಚು ಕಾಟ. ಬಟ್ಟೆಯ ಕೈಗವಸಿನಲ್ಲೂ ತೂರುತ್ತೆ, ಇಕ್ಕಳದಲ್ಲೇ ಹಿಡಿಯಿರಿ. ಚುಚ್ಚಿಕೊಂಡರೆ ಉಜ್ಜಬೇಡಿ, ಟೇಪ್ ಅಂಟಿಸಿ ಕೀಳಿ.

ಹುಳುವನ್ನು ಹಗುರಾಗಿ ನೋಡಬೇಡಿ ಮತ್ತೆ. 1795ರಲ್ಲಿ ಈ ಹುಳುವಿನಿಂದ ತೆಗೆಯೋ ಕೆಂಪು ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಇದರ ಒಂದು ಜಾತಿ ಬಣ್ಣಕ್ಕಂತೂ ಒದಗಲಿಲ್ಲ, ಇಲ್ಲಿ ಹಬ್ಬಿದ್ದ ಒಂದು ಬಗೆಯ ಪಾಪಸುಕಳ್ಳಿಯನ್ನು ಹೀರಿ ಹಾಳುಮಾಡಿತು.

ನೀರು ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ. ಮಳೆಗಾಲದಲ್ಲಿ ಸೂರಿನಡಿ, ಆದರೆ ಬೆಳಕು ಬೀಳೋ ಕಡೆ ಇಡಿ.