ಮೊದಲು ಆ ತಂತಿ ತೆಗೀರಿ ಮಾರಾಯ್ರೆ

ನಿಮ್ಮ ಪೋಸ್ಟ್ ಅರ್ಧ ಓದಿ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಫ್ಯೂಸ್ ಕ್ಲಿಪ್ಪಿನಲ್ಲಿ ಇರೋದು ಫ್ಯೂಸ್ ಅಲ್ಲ, ವೈರಿಂದ ಸುಲಿದ ತಾಮ್ರದ ತಂತಿ. 21 ಇಂಚಿನ ಕಲರ್ ಕಿಟ್ ಟಿವಿ (ಬಿಡಿ ಭಾಗ ಕೂಡಿಸಿ ಮಾಡಿದ ಹಳೇ ಪಿಕ್ಚರ್ ಟ್ಯೂಬ್ ಸೆಟ್ಟು), ಮೂರು ಫ್ಯೂಸ್ ಹೋಯ್ತು, ಪವರ್ ಸಪ್ಲೈಯ ಸ್ವಿಚಿಂಗ್ ಟ್ರಾನ್ಸಿಸ್ಟರ್ ಎರಡು ಸಲ ಹಾಕಿದೆ, ಎರಡೂ ಸಲ ಟಪ್ ಅಂತು, ನಾಳೆ ಮೂರನೇದು ತರ್ತೀನಿ ಅಂತ ಬರೆದಿದ್ದೀರಿ. ತರಬೇಡಿ. ಅದೂ ಹೋಗುತ್ತೆ. ಫ್ಯೂಸ್ ಬದಲು ತಂತಿ ಹಾಕಿದ್ದಕ್ಕೆ ಈ ಸಲ ಪ್ರಿಂಟ್ ಟ್ರ್ಯಾಕೂ ಎದ್ದು ಬರುತ್ತೆ.

ಇದೇ ಕೆಲಸ ನಾನು 2003ರಲ್ಲಿ ಮಾಡಿದ್ದೆ, ಅದೂ ಅತ್ತೆ ಮನೆಯಲ್ಲಿ. ಮಾರ್ಚ್ 22, ಶನಿವಾರ. ಮರುದಿನ ವಿಶ್ವಕಪ್ ಫೈನಲ್. ಭಾವ ಫೋನ್ ಮಾಡಿ, "ಟಿವಿ ಸತ್ತಿದೆ, ನೀನಿದ್ದೀಯಲ್ಲ" ಅಂದ. ಬ್ಯಾಗಿನಲ್ಲಿ ಸೋಲ್ಡ್ರಾನ್ 25 ವ್ಯಾಟ್ ಐರನ್ನು, ಮೀಟರ್ರು, ನಾಲ್ಕು ಟ್ರಾನ್ಸಿಸ್ಟರ್ ಹಾಕ್ಕೊಂಡು ಹೋದೆ. ಸ್ವಿಚಿಂಗ್ ಟ್ರಾನ್ಸಿಸ್ಟರ್ ಶಾರ್ಟ್. ತೆಗೆದು ಹೊಸದು ಹಾಕಿ ನೇರ ಪ್ಲಗ್ ಕೊಟ್ಟೆ. ಟಪ್. ಎಸಿಯನ್ನ ಡಿಸಿ ಮಾಡೋ ಬ್ರಿಡ್ಜಿನ ನಾಲ್ಕೂ 1ಎನ್4007 ಡಯೋಡ್ ಬದಲಾಯಿಸಿ ಎರಡನೇದು. ಟಪ್. ಔಟ್‌ಪುಟ್ ವೋಲ್ಟೇಜಿನ ಸುದ್ದಿ ಹಿಂದಕ್ಕೆ ಮುಟ್ಟಿಸೋ ಆಪ್ಟೋ ಪಿಸಿ817 ಬದಲಾಯಿಸಿ ಮೂರನೇದು. ಈ ಸಲ ಟಿವಿ ಬಂತು! ಎಲ್ಲರೂ ಓ ಅಂದರು. ಪರದೆ ಕಣ್ಣು ಕುಕ್ಕೋ ಹಾಗೆ ಬೆಳಗಾಯ್ತು, ಎಲ್‌ಓಟಿ (ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡೋ ಟ್ರಾನ್ಸ್‌ಫಾರ್ಮರ್) ಹಿಸ್ ಅಂತು, ನಾಲ್ಕೇ ಸೆಕೆಂಡಿಗೆ ಅದನ್ನ ನಡೆಸೋ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಡಿ2499 ಶಾರ್ಟ್, ಹಿಂದೆಯೇ ಸ್ವಿಚಿಂಗ್ ಕೂಡ ಶಾರ್ಟ್. ಭಾನುವಾರ ಆಸ್ಟ್ರೇಲಿಯಾ 359 ಹೊಡೆದಿದ್ದನ್ನ ಪಕ್ಕದ ಮನೆಯ ಕಪ್ಪು ಬಿಳುಪು ಸೆಟ್ಟಿನಲ್ಲಿ ನೋಡಿದ್ವಿ. ಭಾವ ಇವತ್ತಿಗೂ ಮ್ಯಾಚ್ ಸೋತಿದ್ದಕ್ಕೂ ನನಗೂ ಸಂಬಂಧ ಇದೆ ಅಂತಾನೆ.

ಆಮೇಲೆ ಬೋರ್ಡನ್ನೇ ಮನೆಗೆ ತಂದು ವಾರ ಕೂತೆ. ಕಾರಣ ಸಿಕ್ಕಿದ್ದು ಪ್ರೈಮರಿ ಕಡೆ (ಮೇನ್ಸ್ ನೇರ ಬರೋ ಭಾಗ; ಟ್ರಾನ್ಸ್‌ಫಾರ್ಮರ್ ಆಚೆಯದು ಸೆಕೆಂಡರಿ), ಹೀಟ್ ಸಿಂಕಿಗೆ ಒರಗಿಕೊಂಡಿದ್ದ ಒಂದು ಪುಟಾಣಿ 47/50 (47 ಮೈಕ್ರೋಫ್ಯಾರಡ್, 50 ವೋಲ್ಟ್) ಕೆಪಾಸಿಟರ್. ಉಬ್ಬಿಲ್ಲ, ಸೋರಿಲ್ಲ, ನೋಡೋಕೆ ಹೊಸದೇ. ಒಳಗೆ ಒಣಗಿ ಹಪ್ಪಳ. ಅದು ಒಣಗಿದರೆ ಸ್ವಿಚಿಂಗ್ ಟ್ರಾನ್ಸಿಸ್ಟರ್ ಆಫ್ ಆಗೋದು ತಡ ಆಗುತ್ತೆ, ಬಿ ಪ್ಲಸ್, ಅಂದರೆ ಹಾರಿಜಾಂಟಲ್ ಕಡೆ ಹೋಗೋ ಮುಖ್ಯ ಸಪ್ಲೈ, 110 ವೋಲ್ಟ್ ಇರಬೇಕಾದ್ದು ಎಲ್ಲೆಲ್ಲಿಗೋ ಏರುತ್ತೆ. ಹಾಗೆ ಏರಿದರೆ ಕಾಪಾಡಲಿ ಅಂತಲೇ ಬಿ ಪ್ಲಸ್‌ಗೆ ಆರ್2ಎಂ ಅನ್ನೋ ರಕ್ಷಣೆ ಡಯೋಡ್ ಹಾಕಿರ್ತಾರೆ, ಅದು ತಾನು ಶಾರ್ಟ್ ಆಗಿ ಲೈನನ್ನು ಕೆಳಗೆ ಎಳೆಯುತ್ತೆ. ನನ್ನ ಬೋರ್ಡಿನಲ್ಲಿ ಯಾರೋ ಪುಣ್ಯಾತ್ಮರು ಮೊದಲೇ ಅದನ್ನ ಕತ್ತರಿಸಿ ಬಿಸಾಕಿದ್ದರು. ಮೇಲೆ ಕಾಮೆಂಟಿನಲ್ಲಿ "ಆರ್2ಎಂ ಕಟ್ ಮಾಡಿ ನೋಡಿ, ಆನ್ ಆಗುತ್ತೆ" ಅಂದವರಿಗೂ ಸೇರಿಸಿ ಹೇಳ್ತಿದ್ದೀನಿ: ಆನ್ ಆಗುತ್ತೆ, ಹೌದು. ನಾಲ್ಕು ಸೆಕೆಂಡು.

ಈಗ ಮಾಡಬೇಕಾದ್ದು. ಶಾರ್ಟ್ ಇದ್ದರೂ ಕರೆಂಟನ್ನ ತಡೆಯೋ ಸೀರೀಸ್ ಬಲ್ಬ್ ಇಲ್ಲದೆ ಮುಂದಕ್ಕೆ ಹೋಗಲೇಬೇಡಿ. ಆ ತಂತಿ ಕಿತ್ತು ಅದೇ ಕ್ಲಿಪ್ಪಿಗೆ ಹೋಲ್ಡರ್ ಕಟ್ಟಿ 100 ವ್ಯಾಟಿನ ಬಲ್ಬ್ ಹಾಕಿ. ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ಹಾಕಿ ಏನೂ ಗೊತ್ತಾಗ್ಲಿಲ್ಲ ಅಂತ ಬರಬೇಡಿ. ಪೇಟೆಯಲ್ಲಿ ಸಿಗದಿದ್ದರೆ ಕೋಳಿ ಫಾರಂನವರನ್ನ ಕೇಳಿ, ಮರಿಗೆ ಶಾಖ ಕೊಡೋಕೆ ಇಟ್ಟಿರ್ತಾರೆ. ಪಿಕ್ಚರ್ ಟ್ಯೂಬಿನ ಕಾಂತತೆ ತೆಗೆಯೋ ಡಿಗಾಸ್ ಕಾಯಿಲಿನ ಕನೆಕ್ಟರ್ ಬಿಚ್ಚಿಡಿ. ಅದು ಇದ್ದರೆ ಶುರುವಿನಲ್ಲೇ ಬಲ್ಬ್ ಜೋರಾಗಿ ಉರಿದು ಶಾರ್ಟ್ ಇದೆ ಅಂತ ನಂಬಿಸುತ್ತೆ, ನಾನು ಒಂದಿಡೀ ಸಂಜೆ ಹಾಗೆ ಕಳೆದಿದ್ದೀನಿ.

ಬಲ್ಬ್ ಪಕ್ಕನೆ ಹೊಳೆದು ಮಂಕಾದರೆ ಬ್ರಿಡ್ಜ್ ಆದ ಮೇಲೆ ಬರೋ ದೊಡ್ಡ ಮೇನ್ ಕೆಪಾಸಿಟರ್ ತುಂಬಿದೆ, ಒಳ್ಳೇದು. ಪೂರ್ತಿ ಉರೀತಾನೇ ಇದ್ದರೆ ಬ್ರಿಡ್ಜ್, ಮೇನ್ ಕೆಪಾಸಿಟರ್, ಸ್ವಿಚಿಂಗ್, ಈ ಮೂರರಲ್ಲಿ ಒಂದು ಶಾರ್ಟ್. ಮಿಣುಕ್ ಮಿಣುಕ್ ಅಂದರೆ ಸಾಮಾನ್ಯವಾಗಿ ಸೆಕೆಂಡರಿ ಕಡೆ ಎಳೀತಿದೆ, ಡಿ2499 ನೋಡಿ. ಒಮ್ಮೆ ಹೊಳೆದು ಆಮೇಲೆ ಸದ್ದಿಲ್ಲದೆ ಸತ್ತಿದ್ದರೆ ಸಪ್ಲೈ ಶುರು ಮಾಡಿಸೋ ಸ್ಟಾರ್ಟಪ್ ರೆಸಿಸ್ಟರ್ ಓಪನ್ (ಒಳಗೇ ಕಡಿದು) ಇರಬಹುದು. ಇದು ಎಲ್ಲಕ್ಕಿಂತ ಅಪಾಯ, ಯಾಕಂದ್ರೆ ಪ್ಲಗ್ ಕಿತ್ತ ಮೇಲೂ ಮೇನ್ ಕೆಪಾಸಿಟರಿನಲ್ಲಿ 300 ವೋಲ್ಟ್ ಹಾಗೇ ಕೂತಿರುತ್ತೆ. ಸ್ಕ್ರೂ ಡ್ರೈವರ್ ಇಟ್ಟು ಕಿಡಿ ಹಾರಿಸೋ ಶೋಕಿ ಬಿಡಿ. ಇನ್ನೊಂದು ಬಲ್ಬಿಗೆ ಎರಡು ವೈರ್ ಕಟ್ಟಿ ಮೇನ್ ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿ, ಮಿಂಚಿ ಆರುತ್ತೆ. ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.

ಎರಡನೇ ಬಲ್ಬ್ ಬಿ ಪ್ಲಸ್‌ಗೆ. ಡಿ2499ರ ಕಲೆಕ್ಟರ್ ಬಿಡಿಸಿ, 100/160 ಕೆಪಾಸಿಟರಿನ ಎರಡೂ ತುದಿಗೆ 60 ವ್ಯಾಟ್ ಬಲ್ಬ್ ಲೋಡ್ ಕೊಡಿ. ಫ್ಯೂಸ್ ಜಾಗದ ಬಲ್ಬ್ ಅಲ್ಲೇ ಇರಲಿ. ಆನ್ ಮಾಡಿದಾಗ ಮೀಟರ್ 110ರ ಹತ್ತಿರ ನಿಲ್ಲಬೇಕು (ಕೆಲವು ಬೋರ್ಡಿನಲ್ಲಿ 112, 115, ಪಕ್ಕದಲ್ಲೇ ಅಚ್ಚು ಹಾಕಿರ್ತಾರೆ). 125 ದಾಟಿತು ಅಂದರೆ ತಕ್ಷಣ ಆಫ್. ವೋಲ್ಟೇಜ್ ಹೊಂದಿಸೋ ಪ್ರಿಸೆಟ್ ತಿರುಗಿಸಿ ಇಳಿಸೋಕೆ ಹೋಗ್ಬೇಡಿ, ಅದು ತಾನಾಗಿ ತಿರುಗಿಲ್ಲ, ರೋಗ ಬೇರೆ ಕಡೆ ಇದೆ. ಪ್ರೈಮರಿಯ ಸಣ್ಣ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಎಲ್ಲ ಒಟ್ಟಿಗೆ ಬದಲಾಯಿಸಿ. ಎಲ್ಲ ಸೇರಿ ಒಂದು ಊಟದ ಖರ್ಚೂ ಆಗಲ್ಲ. 105 ಡಿಗ್ರಿಯದೇ ತನ್ನಿ, 85ರದ್ದು ಆ ಹೀಟ್ ಸಿಂಕಿನ ಪಕ್ಕ ಬೇಗ ಒಣಗುತ್ತೆ. ರೂಬಿಕಾನ್, ನಿಚಿಕಾನ್ ಅಸಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಕಣ್ಣೂರಿನಲ್ಲಿ ಮಾಡೋ ಕೆಲ್ಟ್ರಾನ್ ಮೇಲೆ ನನಗೆ ನಂಬಿಕೆ. ಶಾರ್ಟ್ ಆದ ಸ್ವಿಚಿಂಗ್ ಹೋಗುವಾಗ ಡ್ರೈವರ್ ಟ್ರಾನ್ಸಿಸ್ಟರನ್ನೂ ಬೇಸ್ ರೆಸಿಸ್ಟರನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ, ಅವನ್ನೂ ಅಳೆದು ನೋಡಿ.

ಟ್ರಾನ್ಸಿಸ್ಟರ್ ವಿಷಯ. ಬೆಂಗಳೂರಿನ ಎಸ್.ಪಿ. ರೋಡಿನಿಂದ ನಾನು ಒಮ್ಮೆ ತಂದ ಹತ್ತರಲ್ಲಿ ಹತ್ತೂ ಹಳೇ ಮಾಲಿಗೆ ಹೊಸ ನಂಬರ್ ಬರೆದದ್ದು. ಹತ್ತಿ ಉಂಡೆಗೆ ತಿನ್ನರ್ ಹಚ್ಚಿ ಉಜ್ಜಿದರೆ ನಂಬರೇ ಅಳಿಸಿ ಹೋಯ್ತು. ಇನ್ನೊಂದು, ಡಿ2499 ಮನೆಯಲ್ಲಿ ಇದೆ ಅಂತ ಸ್ವಿಚಿಂಗ್ ಜಾಗಕ್ಕೆ ಹಾಕ್ಬೇಡಿ. ಅದರೊಳಗೆ ಬೇಸ್ ಎಮಿಟರ್ ನಡುವೆ 40-50 ಓಮಿನ ರೆಸಿಸ್ಟರ್ ಇದೆ, ಸ್ಟಾರ್ಟಪ್ ಕರೆಂಟನ್ನೆಲ್ಲ ಅದೇ ಕುಡಿದು ಸಪ್ಲೈ ಶುರುವೇ ಆಗಲ್ಲ. ಅದೇ ಕಾರಣಕ್ಕೆ ಹೊಸ ಡಿ2499 ಮೀಟರಿನಲ್ಲಿ ಬೀಪ್ ಅಂತು, ಶಾರ್ಟ್ ಅಂತ ವಾಪಸ್ ಕೊಡೋಕೆ ಹೋಗಿ ನಗೆಪಾಟಲೂ ಆಗಬೇಡಿ.

ಮೀಟರಿನ ಕಪ್ಪು ಪ್ರೋಬ್: ಪ್ರೈಮರಿ ಅಳೆಯುವಾಗ ಮೇನ್ ಕೆಪಾಸಿಟರಿನ ನೆಗೆಟಿವ್‌ಗೆ, ಸೆಕೆಂಡರಿ ಅಳೆಯುವಾಗ ಟ್ಯೂನರ್ ಡಬ್ಬಕ್ಕೆ. ಎರಡೂ ಒಂದೇ ಗ್ರೌಂಡ್ ಅಲ್ಲ. ಇನ್ನೂ ಹಳೇ ಎಸ್‌ಟಿಆರ್50103 ಪವರ್ ಐಸಿ ಹಾಕಿದ ಸೆಟ್ಟುಗಳಲ್ಲಿ ಎಷ್ಟೋ ಕಡೆ ಇಡೀ ಚಾಸಿಯೇ ಹಾಟ್, ಅಂದರೆ ಮೇನ್ಸಿಗೆ ನೇರ ಸೇರಿದ್ದು. ಅಂಥದ್ದಕ್ಕೆ ಮೊಮ್ಮಗನ ಗೇಮ್‌ಗೆ ಬೇಕು ಅಂತ ಎವಿ ಸಾಕೆಟ್ ಕೂರಿಸಿದವರನ್ನ ನೋಡಿದ್ದೀನಿ. ಗೇಮ್ ಡಬ್ಬ, ಕಂಟ್ರೋಲರ್ ವೈರ್, ಹುಡುಗನ ಕೈವರೆಗೂ ಮೇನ್ಸ್ ಬರುತ್ತೆ. ಅಂಥ ಸೆಟ್ಟಿಗೆ ಎವಿ ಬೇಡ.

ಎಸ್‌ಟಿಆರ್ ಐಸಿ ಇರೋ ಸೆಟ್ ರಿಪೇರಿ ಮಾಡ್ತಿರೋರಿಗೆ: ಐಸಿ ಶಾರ್ಟ್ ಆಗಿದ್ದರೆ ಅದರ ಸೋರ್ಸ್ ಕಾಲಿನಿಂದ ಗ್ರೌಂಡಿಗೆ ಇರೋ, ಒಂದು ಓಮಿಗಿಂತ ಕಡಿಮೆಯ ಪುಟ್ಟ ರೆಸಿಸ್ಟರೂ ಹೋಗಿರುತ್ತೆ. ಅದೇ ಬೆಲೆಯದು ಹಾಕಿ, ಹತ್ತಿರದ್ದು ನಡೆಯಲ್ಲ, ಕರೆಂಟ್ ಮಿತಿ ಕಟ್ಟೋದೇ ಅದು. ಟಿಕ್ ಟಿಕ್ ಅಂತ ಎದ್ದು ಬಿದ್ದು ಮಾಡ್ತಿದ್ದರೆ ಐಸಿಗೆ ಸಪ್ಲೈ ಬರೋ ವಿಸಿಸಿ ಕಾಲಿನ ಕೆಪಾಸಿಟರ್ ಮೊದಲು ಬದಲಾಯಿಸಿ.

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಬರೋ ಸೆಟ್ಟುಗಳ ಹಿಂಬದಿ ತೆಗೆದರೆ ಹಲ್ಲಿ ಮೊಟ್ಟೆ, ಇರುವೆ ಗೂಡು, ತೇವ ಹೀರಿದ ಧೂಳು. ಬ್ರಷ್ಷಿನಲ್ಲಿ ಒರೆಸಿ, ಒಂದು ದಿನ ಬಿಸಿಲಿಗಿಟ್ಟು ಆಮೇಲೆ ಮೀಟರ್ ಹಿಡೀರಿ. ಚಾಪರ್ (ಪವರ್ ಸಪ್ಲೈ) ಟ್ರಾನ್ಸ್‌ಫಾರ್ಮರ್, ಎಲ್‌ಓಟಿ, ಡ್ರೈವರ್ ಕಾಲುಗಳ ಸುತ್ತ ಉಂಗುರದ ಹಾಗೆ ಬಿರುಕು ಕಂಡರೆ ಡ್ರೈ ಸೋಲ್ಡರ್ (ಬಿಟ್ಟ ಬೆಸುಗೆ), ಹಳೇ ಸೀಸ ಎಳೆದು ಹೊಸದು ಹಾಕಿ. ನ್ಯೂಟ್ರಲ್ ಕಿತ್ತು ಮನೆಗೆ 400 ವೋಲ್ಟ್ ಬಂದ ಕೇಸಾದರೆ ಹೆಚ್ಚು ವೋಲ್ಟೇಜ್ ತಡೆಯೋ ವೇರಿಸ್ಟರೂ ಮೇನ್ ಕೆಪಾಸಿಟರೂ ಎರಡೂ ಅನುಮಾನ.

ಎಲ್ಲ ಸರಿ ಬಂದ ಮೇಲೆ ಕ್ಲಿಪ್ಪಿಗೆ 3.15 ಆಂಪ್ ಗ್ಲಾಸ್ ಫ್ಯೂಸ್, ಬೋರ್ಡಿನಲ್ಲಿ ಬರೆದದ್ದು ಬೇರೆ ಇದ್ದರೆ ಅದು. ಬಿ ಪ್ಲಸ್ ಎಷ್ಟು ಬಂತು, ಆರ್2ಎಂ ಇದೆಯಾ ಇಲ್ಲವಾ, ಹೀಟ್ ಸಿಂಕ್ ಪಕ್ಕದ ಕೆಪಾಸಿಟರ್ ಯಾವುದು, ಮೂರನ್ನೂ ಫೋಟೋ ಸಮೇತ ಇಲ್ಲೇ ಹಾಕಿ. ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ.