ಸತ್ತ ಮಂಗವನ್ನು ಮೊದಲು ಕಂಡವರು ಯಾರು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಈಗ ಬೆಂಗಳೂರಿನಲ್ಲಿ ಡೇಟಾ ಕೆಲಸವಂತೆ. ‘ಕಂಪ್ಯೂಟರ್ ನೋಡುವ ಡಾಕ್ಟರು ನಮ್ಮ ಮುಖ ನೋಡುವುದು ಯಾವಾಗ?’ ಅಂತ ಕಳೆದ ತಿಂಗಳು ಈ ಪುಟದಲ್ಲಿ ನಾನು ಕೇಳಿದ್ದು ಅವರಿಗೆ ಸರಿಬಂದಿಲ್ಲ. ಪತ್ರದ ಸಾರ ಇಷ್ಟು: “ಸರ್, ನೀವು ಹಳೇ ಕಾಲದ ಕಂಪೌಂಡರನ್ನು ನೆನೆದು ಕಣ್ಣೊರೆಸಿಕೊಳ್ಳುತ್ತೀರಿ. ಈಗ ಎಕ್ಸ್‌ರೇಯನ್ನು ಕೃತಕ ಬುದ್ಧಿಮತ್ತೆಯ ಯಂತ್ರವೇ ಓದುತ್ತದೆ. ಮಲೆನಾಡಿನ ಆಸ್ಪತ್ರೆಗಳ ಲೆಕ್ಕವನ್ನೆಲ್ಲ ಒಂದೇ ಕಡೆ ಸೇರಿಸಿದ್ದರೆ ಮಂಗನ ಕಾಯಿಲೆ ಬರುವುದನ್ನು ಮೊದಲೇ ಹೇಳಬಹುದಿತ್ತು. ನಮಗೆ ಬೇಕಿರುವುದು ಡೇಟಾ, ಕಥೆ ಅಲ್ಲ.”

ಕೊನೆಯ ಸಾಲು ಓದುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು ಮಾರಾಯ್ರೇ.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ಸ್ವೀಡನ್ನಿನಲ್ಲಿ 80 ಸಾವಿರ ಹೆಂಗಸರ ಸ್ತನದ ಎಕ್ಸ್‌ರೇ ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. ಅದರ ಮೊದಲ ವರದಿ 2023ರಲ್ಲಿ ಬಂತು. ಯಂತ್ರದ ಸಹಾಯ ತೆಗೆದುಕೊಂಡಾಗ ಡಾಕ್ಟರುಗಳ ಓದುವ ಕೆಲಸ ಶೇ 44ರಷ್ಟು ಕಡಿಮೆಯಾಯಿತು. ಕ್ಯಾನ್ಸರ್ ಪತ್ತೆಯಾಗುವುದೇನೂ ಕಡಿಮೆಯಾಗಲಿಲ್ಲ. ಒಳ್ಳೆಯ ಸುದ್ದಿಯೇ. ಬರಲಿ, ನಮ್ಮೂರಿಗೂ ಬರಲಿ. ಆಯ್ತಲ್ಲ?

ಈಗ ಮಂಗನ ಕಾಯಿಲೆಗೆ ಬನ್ನಿ. ಆ ಹೆಸರು ಎತ್ತಿದವರು ನೀವೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದವು. ಜೊತೆಗೇ ಜನರಿಗೆ ಜ್ವರ, ತಲೆನೋವು, ಮೈಕೈ ನೋವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಅವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಜ್ವರ ಭಾರತಕ್ಕೂ ಕಾಲಿಟ್ಟಿತೇ ಅಂತ. ನೋಡಿದರೆ ಅದಲ್ಲ. ಉಣುಗಿನಿಂದ ಹರಡುವ, ರಷ್ಯಾದ ಕಾಡಿನ ಒಂದು ರೋಗಾಣುವಿಗೆ ನೆಂಟನಾಗಬೇಕಾದ ಹೊಸ ವೈರಸ್. ನಮ್ಮ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕ ಸೇರಿದ್ದು ಹೀಗೆ.

ಆದರೆ ಸತ್ತ ಮಂಗವನ್ನು ಮೊದಲು ಕಂಡವರು ಯಾರು? ಪುಣೆಯವರಂತೂ ಅಲ್ಲ. ಸೊಪ್ಪು, ಸೌದೆ, ದರಗು ಅಂತ ಕಾಡಿಗೆ ಹೋದವರು. ಮಂಗ ಸತ್ತರೆ ಮನುಷ್ಯರಿಗೂ ಜ್ವರ ಬರುತ್ತದೆ ಅಂತ ಕೂಡಿಸಿ ನೋಡಿದವರೂ ಅವರೇ. ‘ಮಂಗನ ಕಾಯಿಲೆ’ ಅಂತ ಒಂದು ಹೆಸರಲ್ಲೇ ಪೂರ್ತಿ ವರದಿ ಕೊಟ್ಟುಬಿಟ್ಟರು. ಇವತ್ತಿಗೂ ವ್ಯವಸ್ಥೆ ನಿಂತಿರುವುದು ಅದರ ಮೇಲೇ. ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಯಾರಾದರೂ ಹೇಳಬೇಕು. ಆಮೇಲೆ ಸ್ಯಾಂಪಲ್, ಲ್ಯಾಬು, ಸುತ್ತ ಉಣುಗು ಕೊಲ್ಲುವ ಪುಡಿ ಎರಚುವುದು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಹಂಚುವುದು. ನೀವು ಹೇಳುವ ಆಸ್ಪತ್ರೆ ಲೆಕ್ಕದಲ್ಲಿ ಈ ಮೊದಲ ಸುದ್ದಿ ಸಿಗುವುದೇ ಇಲ್ಲ. ಸತ್ತ ಮಂಗಕ್ಕೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಆಭಾ ಕಾರ್ಡ್ ಇಲ್ಲವಲ್ಲ.

ನಾನು ಲೆಕ್ಕದ ವಿರೋಧಿ ಅಂತ ತಿಳಿಯಬೇಡಿ. ಈ ಕಾಯಿಲೆಗೆ ಕೊಡುತ್ತಿದ್ದ ಹಳೇ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅಂತ 2005ರಿಂದ 2010ರವರೆಗಿನ ಲೆಕ್ಕ ಹಿಡಿದು ನೋಡಿದ್ದರು. ಎರಡು ಡೋಸ್ ಹಾಕಿಸಿಕೊಂಡವರಿಗೆ ಸುಮಾರು ಶೇ 62ರಷ್ಟು ರಕ್ಷಣೆ, ಬೂಸ್ಟರೂ ಆಗಿದ್ದರೆ ಶೇ 83ರಷ್ಟು. ಬೆಲೆಬಾಳುವ ಲೆಕ್ಕ. ಆದರೆ ಜನ ಬೂಸ್ಟರ್‌ಗೆ ಬರುತ್ತಲೇ ಇರಲಿಲ್ಲ. ಯಾಕೆ? ಕೇಳಿದರೆ ಹೇಳುತ್ತಿದ್ದರು: “ಆ ಸೂಜಿ ಭಾರೀ ನೋವು ಮಾರಾಯ್ರೇ, ಎರಡು ದಿನ ತೋಳು ಎತ್ತಲಿಕ್ಕಾಗಲ್ಲ, ಅಡಿಕೆ ಸುಲಿಯೋದು ಯಾರು?” ರಿಜಿಸ್ಟರಿನಲ್ಲಿ ‘ಬಂದಿಲ್ಲ’ ಅಂತ ಒಂದು ಪದ ಬರೆಯಬಹುದು. ಅಡಿಕೆ ಸುಲಿಯುವ ತೋಳಿನ ವಿಷಯ ಎಲ್ಲಿ ಬರೆಯುತ್ತೀರಿ? ನೀವು ಬೇಡ ಅಂದ ಕಥೆ ಇದೇ. 2022ರಲ್ಲಿ ಆ ಲಸಿಕೆ ಕೊಡುವುದನ್ನೇ ನಿಲ್ಲಿಸಿದರು. ಅದು ಬೇರೆ ಸಂಕಟ.

ಸಾಗರದ ಹತ್ತಿರದ ಹಂದಿಗೋಡು ಕಾಯಿಲೆಯನ್ನೂ ನೆನಪಿಸಿಕೊಳ್ಳಿ. 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಸೊಂಟ, ಮಂಡಿ ಹಿಡಿದುಕೊಂಡು ಜನ ನಡೆಯಲಾರದೆ ಹೋದರು. ಗದ್ದೆಗೆ ಹೊಡೆದ ಔಷಧಿ ಏಡಿಯ ಮೈಗೆ ಸೇರಿ, ಆ ಏಡಿ ತಿಂದವರಿಗೆ ಹೀಗಾಯಿತು ಅಂತ ಮೊದಲು ಅನುಮಾನಪಟ್ಟರು. ಕೊನೆಗೆ ಇದು ವಂಶದಲ್ಲಿ ಬರುವ ಮೂಳೆ ಕಾಯಿಲೆ ಅಂತ ಗೊತ್ತಾಯಿತು. ವಂಶದ ಕಾಯಿಲೆ ಹಿಡಿಯಬೇಕಾದರೆ ಮನೆಮನೆಯ ವಂಶವೃಕ್ಷ ಬರೆಯಬೇಕು. ಅಜ್ಜ ಹೇಗೆ ನಡೆಯುತ್ತಿದ್ದ, ಅತ್ತೆಗೆ ಯಾವ ವಯಸ್ಸಿಗೆ ಸೊಂಟ ಹಿಡಿಯಿತು ಅಂತ ಜಗಲಿಯಲ್ಲಿ ಕೂತು ಕೇಳಬೇಕು. ಅದು ಡೇಟಾವೋ ಕಥೆಯೋ, ನೀವೇ ಹೇಳಿ.

ಇನ್ನು ನಮ್ಮ ಮನೆಯದೇ ಒಂದು. ನಮ್ಮ ಚಿಕ್ಕಮ್ಮನಿಗೆ ಹೋದ ವರ್ಷ ತಲೆಸುತ್ತು. ಎದ್ದರೆ ಕಣ್ಣು ಕತ್ತಲೆ. ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ಡಾಕ್ಟರು ಒಳ್ಳೆಯ ಹುಡುಗನೇ, ಆದರೆ ಕಣ್ಣು ಪರದೆ ಮೇಲೆ, ಬೆರಳು ಕೀಲಿಮಣೆ ಮೇಲೆ. ಚಿಕ್ಕಮ್ಮ “ತಲೆ ಗುಂಯ್ ಅಂತದೆ, ಆಮೇಲೆ…” ಅನ್ನುವಷ್ಟರಲ್ಲಿ ‘ತಲೆಸುತ್ತು, ಸುಸ್ತು’ ಅಂತ ಇಂಗ್ಲಿಷಿನಲ್ಲಿ ದಾಖಲಾಗಿ ಸ್ಕ್ಯಾನಿಂಗ್ ಚೀಟಿ ಹೊರಗೆ ಬಂದಿತ್ತು. ಆ ‘ಆಮೇಲೆ’ಯ ಮುಂದಿನದನ್ನು ಯಾರೂ ಕೇಳಲಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ವಾಪಸ್ ಬಂದ ಮೇಲೆ ನಮ್ಮೂರಿನ ಆರೋಗ್ಯ ಕೇಂದ್ರದ ಸಿಸ್ಟರ್ ಒಂದೇ ಮಾತು ಹೇಳಿದರು: “ಅಮ್ಮ, ಮನೆಯಲ್ಲಿರೋ ಮಾತ್ರೆ ಎಲ್ಲಾ ಕೊಟ್ಟೆಯಲ್ಲಿ ಹಾಕ್ಕೊಂಡು ಬನ್ನಿ.” ನೋಡಿದರೆ ಎರಡು ಊರಿನ ಎರಡು ಡಾಕ್ಟರು ಒಂದೇ ಬಿಪಿ ಮಾತ್ರೆಯನ್ನು ಎರಡು ಕಂಪನಿ ಹೆಸರಿನಲ್ಲಿ ಬರೆದಿದ್ದರು. ಚಿಕ್ಕಮ್ಮ ಶ್ರದ್ಧೆಯಿಂದ ಎರಡನ್ನೂ ನುಂಗುತ್ತಿದ್ದರು.

ಗೊತ್ತು, ನೀವು ಈಗ ಕುರ್ಚಿಯಿಂದ ಅರ್ಧ ಎದ್ದಿರುತ್ತೀರಿ. “ಅದನ್ನೇ ಅಲ್ವಾ ಸರ್ ನಾನು ಹೇಳಿದ್ದು? ಎರಡೂ ಚೀಟಿ ಒಂದೇ ಲೆಕ್ಕದಲ್ಲಿದ್ದಿದ್ದರೆ…” ಇರಲಿ, ಅಷ್ಟು ನಿಮಗೆ. ಆದರೆ ಅದೇ ಕೊಟ್ಟೆಯಲ್ಲಿ ಪಕ್ಕದ ಮನೆಯವರು ಕೊಟ್ಟ ಮಂಡಿನೋವಿನ ಮಾತ್ರೆ ಒಂದು ಪಟ್ಟಿ ಇತ್ತು. ಅದು ಯಾವ ಕಂಪ್ಯೂಟರಿಗೂ ಬರುವುದಿಲ್ಲ.

ಥಾಯ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣು ನೋಡಲು ಗೂಗಲ್‌ನವರ ಯಂತ್ರ ಇಟ್ಟಿದ್ದರು. ಪ್ರಯೋಗಾಲಯದಲ್ಲಿ ಅದು ಜಾಣ. ಊರಿನ ಕ್ಲಿನಿಕ್ಕಿಗೆ ಬಂದಾಗ ಐದರಲ್ಲಿ ಒಂದಕ್ಕಿಂತ ಜಾಸ್ತಿ ಫೋಟೋಗಳನ್ನು ‘ಸರಿಯಿಲ್ಲ’ ಅಂತ ತಳ್ಳಿಹಾಕಿತು. ಕೋಣೆಯಲ್ಲಿ ಬೆಳಕು ಸರಿ ಇಲ್ಲ, ಇಂಟರ್ನೆಟ್ ನಿಧಾನ. 2020ರ ವರದಿ. ಆಗುಂಬೆ ಮಳೆಯಲ್ಲಿ ಕರೆಂಟು ಹೋದ ಕೋಣೆಯನ್ನು ನೆನೆಸಿಕೊಂಡು ನಾನು ಒಬ್ಬನೇ ನಕ್ಕೆ.

ಇನ್ನೊಂದಕ್ಕೆ ನಗು ಬರಲಿಲ್ಲ. ಅಮೆರಿಕದಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಹೇಳುವ ಯಂತ್ರವೊಂದಿತ್ತು. ಅದು ಕಾಯಿಲೆ ಅಳೆದದ್ದು ಆಸ್ಪತ್ರೆಗೆ ಆದ ಖರ್ಚಿನಿಂದ. ಕಪ್ಪು ಜನರಿಗಾಗಿ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಅವರಿಗೆ ಕಾಯಿಲೆಯೂ ಕಡಿಮೆ ಅಂದುಕೊಂಡಿತು. ತಪ್ಪು ಸರಿಮಾಡಿದರೆ ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಅವರ ಪಾಲು ಶೇ 17.7ರಿಂದ 46.5ಕ್ಕೆ ಏರುತ್ತದೆ ಅಂತ 2019ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಯಂತ್ರವನ್ನು ಹೊಸನಗರದ ಒಳಗಿನ ಹಳ್ಳಿಗೆ ತಂದು ನೋಡಿ. ಬಸ್ಸಿಲ್ಲ, ದನ ಕಟ್ಟುವವರಿಲ್ಲ ಅಂತ ಆಸ್ಪತ್ರೆಗೆ ಹೋಗದ ಹೆಂಗಸು ಅದರ ಪ್ರಕಾರ ತಾಲ್ಲೂಕಿನಲ್ಲೇ ಗಟ್ಟಿಮುಟ್ಟು!

ಡಾಕ್ಟರನ್ನೇ ಬೈದು ಪ್ರಯೋಜನವಿಲ್ಲ ಅಂತಲೂ ನನಗೆ ಗೊತ್ತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಒಂದು ವರದಿ ಬಂತು. ಒಬ್ಬ ರೋಗಿಗೆ ಸ್ವೀಡನ್ನಿನ ಡಾಕ್ಟರು 22 ನಿಮಿಷ ಕೊಟ್ಟರೆ ನಮ್ಮವರು ಕೊಡುವುದು ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ನಮ್ಮ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕೂರುತ್ತಾರೆ ಅಷ್ಟೇ. ಹಾಗಾದರೆ ಯಂತ್ರ ಉಳಿಸಿಕೊಟ್ಟ ಶೇ 44ರಷ್ಟು ಕೆಲಸ ಇದೆಯಲ್ಲ, ಆ ಸಮಯ ನಮ್ಮಲ್ಲಿ ಯಾರಿಗೆ ಹೋಗುತ್ತದೆ? ಚಿಕ್ಕಮ್ಮನಿಗೋ, ಹೊರಗೆ ಸಾಲಿನಲ್ಲಿರುವ ಇನ್ನೂ ನಲವತ್ತು ಜನರಿಗೋ? ಪತ್ರದಲ್ಲಿ ನೀವು ಇದನ್ನು ಮುಟ್ಟಿಲ್ಲ.

ಆಶಾ ಕಾರ್ಯಕರ್ತೆಯರ ವಿಷಯವನ್ನೂ ಮುಟ್ಟಿಲ್ಲ. ನಿಮ್ಮ ಡೇಟಾ ಹೊರುವವರು ಅವರು. ಮನೆಮನೆ ತಿರುಗಿ ಪುಸ್ತಕದಲ್ಲಿ ಬರೆದುಕೊಂಡು, ಅದನ್ನೇ ಮತ್ತೆ ಮೊಬೈಲಿಗೆ ತುಂಬಲು ಸಿಗ್ನಲ್ ಹುಡುಕಿ ಗುಡ್ಡ ಹತ್ತುವವರನ್ನು ನಾನೇ ನೋಡಿದ್ದೇನೆ. ಹತ್ತಿ ಇಳಿಯುವ ಹೊತ್ತಿಗೆ ಇನ್ನೆರಡು ಮನೆ ಮುಗಿಸಬಹುದಿತ್ತು. ಇನ್ನು ಡಿಸ್ಚಾರ್ಜ್ ಆದಾಗ ಕೈಗೆ ಕೊಡುವ ಕಾಗದ. ಹೆಸರು ಬಿಟ್ಟರೆ ಒಂದಕ್ಷರ ಕನ್ನಡ ಇರುವುದಿಲ್ಲ. ಗೊಬ್ಬರದ ಚೀಲದ ಮೇಲೆ ಕನ್ನಡ ಇದೆ, ಬಸ್ ಟಿಕೆಟ್ಟಿನಲ್ಲಿ ಇದೆ. ಯಾವ ಮಾತ್ರೆ ಊಟದ ಮುಂಚೆ, ಯಾವುದು ಆಮೇಲೆ ಅನ್ನುವುದು ಮಾತ್ರ ಇಂಗ್ಲಿಷಿನಲ್ಲಿ. ಕೋಟಿ ಜನರ ಲೆಕ್ಕ ಸೇರಿಸುವ ಬುದ್ಧಿವಂತರಿಗೆ ಇದೊಂದು ಹಾಳೆ ಕನ್ನಡಕ್ಕೆ ತಿರುಗಿಸಲು ಬರುವುದಿಲ್ಲವೇ?

ನಿಮ್ಮ ಮೇಲೆ ಕೋಪ ಇಲ್ಲ. ನಾಲ್ಕು ಪುಟ, ಅದೂ ಕೈಬರಹದಲ್ಲಿ, ಕಂಪ್ಯೂಟರಿನ ಪರವಾಗಿ! ಈ ವಿಷಯದ ಮೇಲೆ ಲೇಖನ ಬರೆಯಲೇ ಅಂತ ಕೇಳಿದ್ದೀರಿ. ಬರೆಯಿರಿ. ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮ ಅಜ್ಜಿಯ ಮಾತ್ರೆ ಕೊಟ್ಟೆ ಒಮ್ಮೆ ಬಿಚ್ಚಿ ನೋಡಿ, ಅದರಿಂದಲೇ ಶುರುಮಾಡಿ. 20ನೇ ತಾರೀಖಿನ ಒಳಗೆ ಕೈಸೇರಬೇಕು. ಇಮೇಲ್ ಬೇಡ, ಅಂಚೆಯಲ್ಲೇ ಕಳಿಸಿ. ಸೋಮವಾರದ ಮಳೆಗೆ ಹೋದ ನಮ್ಮ ಇಂಟರ್ನೆಟ್ ಇನ್ನೂ ಬಂದಿಲ್ಲ.

– ಸಂಪಾದಕ